ಎರಡು ಸಲ ಬರೆದ ಕ್ಯಾಟ್

ವಿಟಿಯುನ ಮೊದಲ ಬ್ಯಾಚು ನಮ್ಮದು. 1998ರಲ್ಲಿ ಸೇರಿ 2002ರಲ್ಲಿ ಹೊರಬೀಳುವ ಹೊತ್ತಿಗೆ ಸಾಫ್ಟ್‌ವೇರ್ ಕಂಪನಿಗಳು ಡಾಟ್‌ಕಾಮ್ ಕುಸಿತದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಕ್ಯಾಂಪಸ್ಸಿಗೆ ಬಂದವರೇ ಕಡಿಮೆ, ಆರಿಸಿಕೊಂಡಿದ್ದು ಇನ್ನೂ ಕಡಿಮೆ. ಸಿಕ್ಕ ಚಿಕ್ಕಪುಟ್ಟ ಕೆಲಸ ಹಿಡಿದು ಎನ್.ಆರ್. ಕಾಲೊನಿಯ ಒಂದು ಮಹಡಿ ರೂಮಿನಲ್ಲಿ ಸೇರಿಕೊಂಡ ನಾವು ಮೂವರು, ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯೋಣ ಅಂದುಕೊಂಡೆವು. ಆಗ ದೇಶದಲ್ಲಿದ್ದ ಐಐಎಂಗಳೇ ಆರು. ಒಂದು ಭಾನುವಾರ ಬನ್ನೇರುಘಟ್ಟ ರಸ್ತೆಗೆ ಹೋಗಿ, ಬಿ.ವಿ. ದೋಶಿ ಕಟ್ಟಿದ ಬೆಂಗಳೂರು ಐಐಎಂನ ಆ ಕಲ್ಲಿನ ಗೋಡೆಗಳನ್ನೂ ಬೆಳಕು ಸೋಸಿ ಬೀಳುವ ಉದ್ದನೆಯ ಮೊಗಸಾಲೆಗಳನ್ನೂ ನೋಡಿ ಬಂದ ಮೇಲೆ ಆಸೆ ಗಟ್ಟಿಯಾಯಿತು.

ರೂಮಿನಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿರಲಿಲ್ಲ, ಊರೇ ಹೆಸರು. ಹೊಸದುರ್ಗ ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅವನ ತಾತ, ಮೊಮ್ಮಗನಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡಿಸಿದ್ದರು. ಕ್ಯಾಲ್ಕುಲೇಟರ್ ಒಯ್ಯುವಂತಿರದ ಪರೀಕ್ಷೆಗೆ ಅದಕ್ಕಿಂತ ದೊಡ್ಡ ಆಸ್ತಿ ಏನಿದೆ? ಡೇಟಾ ಇಂಟರ್‌ಪ್ರಿಟೇಶನ್ನಿನ ಕೋಷ್ಟಕ ನೋಡಿ ನಾವು ಭಾಗಿಸಲು ಪೆನ್ಸಿಲ್ ಎತ್ತುವಷ್ಟರಲ್ಲಿ ಅವನ ಉತ್ತರ ಬಂದಿರುತ್ತಿತ್ತು. ‘ಏಳರಲ್ಲೊಂದು ಅಂದ್ರೆ ಹದಿನಾಲ್ಕು ಪಾಯಿಂಟ್ ಎರಡೆಂಟು, ಹನ್ನೊಂದರಲ್ಲೊಂದು ಒಂಬತ್ತು ಪಾಯಿಂಟ್ ಸೊನ್ನೆ ಒಂಬತ್ತು. ಇಷ್ಟು ಬಾಯಲ್ಲಿರಲಿ ಕಣ್ರೋ’ ಅನ್ನುತ್ತಿದ್ದ. ನನಗೆ ಶೇಕಡಾ ಲೆಕ್ಕ ನಿಜವಾಗಿ ಅರ್ಥವಾದದ್ದು ಆ ಚಾಪೆಯ ಮೇಲೆ, ಅವನಿಂದ.

ಆದರೆ ಮೂರು ವಿಭಾಗಕ್ಕೂ ಬೇರೆ ಬೇರೆ ಕಟ್‌ಆಫ್. ಎಂಜಿನಿಯರುಗಳಾದ ನಮ್ಮನ್ನು ಲೆಕ್ಕವೊಂದೇ ದಡ ಸೇರಿಸುವಂತಿರಲಿಲ್ಲ. ಇಂಗ್ಲಿಷಿನ ಉದ್ದನೆಯ ಪ್ಯಾಸೇಜು ಬಂದರೆ ಹೊಸದುರ್ಗದ ಮುಖ ಬಾಡುತ್ತಿತ್ತು. ಕಾನ್ವೆಂಟಿನಲ್ಲಿ ಓದಿದ್ದ ತಿಪಟೂರು ಬೆಳಿಗ್ಗೆ ‘ದಿ ಹಿಂದೂ’ ಸಂಪಾದಕೀಯ ಹಿಡಿದು ಅವನ ಜೊತೆ ಕೂರುತ್ತಿದ್ದ. ಒಂದು ಪ್ಯಾರಾ ಓದಬೇಕು, ಪೇಪರು ಮಡಚಬೇಕು, ಅದರ ತಿರುಳನ್ನು ಮೊದಲು ಕನ್ನಡದಲ್ಲಿ ಹೇಳಬೇಕು, ಆಮೇಲೆ ಇಂಗ್ಲಿಷಿನಲ್ಲಿ. ನಾನು ಕಂಡ ಯಾವ ಕೋಚಿಂಗಿಗಿಂತಲೂ ಒಳ್ಳೆಯ ಪಾಠ ಅದು.

2003ರ ನವೆಂಬರ್ 23ರಂದು ಓಎಂಆರ್ ಹಾಳೆಯ ಗುಂಡಿಗಳಿಗೆ ಪೆನ್ಸಿಲ್ ತುಂಬಿ ಬಂದೆವು. ಬಂದ ಬೆನ್ನಿಗೇ ಸುದ್ದಿ: ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ, ಪರೀಕ್ಷೆ ರದ್ದು. ದೇಶದಾದ್ಯಂತ ಬರೆದ ಲಕ್ಷಕ್ಕೂ ಹೆಚ್ಚು ಜನ 2004ರ ಫೆಬ್ರುವರಿ 15ಕ್ಕೆ ಮತ್ತೆ ಬರೆಯಬೇಕಿತ್ತು. ಅವತ್ತು ಯಾರೂ ಊಟ ಮಾಡಲಿಲ್ಲ. ಈಗ ನೆನೆದರೆ, ಆ ಚಳಿಗಾಲವೇ ನನಗೆ ಅತಿ ಪ್ರೀತಿಯದು. ಓದುವುದೆಲ್ಲ ಒಮ್ಮೆ ಮುಗಿದಿತ್ತು. ಮಾಕ್ ಟೆಸ್ಟ್ ಬರೆದು, ಬಸವನಗುಡಿಯ ರಸ್ತೆಗಳಲ್ಲಿ ಅದರ ಒಂದೊಂದು ಲೆಕ್ಕಕ್ಕೂ ಜಗಳವಾಡುತ್ತಾ ನಡೆದು, ಗಾಂಧಿ ಬಜಾರಿನಲ್ಲಿ ಬೈಟು ಕಾಫಿ ಕುಡಿದು ರಾಜಿಯಾಗುತ್ತಿದ್ದೆವು.

ಎರಡನೆಯ ಸಲ ಬರೆದ ಮೇಲೆ ಸಂದರ್ಶನಕ್ಕೆ ಕರೆ ಬಂದದ್ದು ಹೊಸದುರ್ಗಕ್ಕೆ ಮಾತ್ರ. ಗ್ರೂಪ್ ಡಿಸ್ಕಶನ್ನಿನ ಅಭ್ಯಾಸಕ್ಕೆಂದು ನಾವಿಬ್ಬರೂ ರಾತ್ರಿಯೆಲ್ಲ ಟೆರೇಸಿನ ಮೇಲೆ ಅವನೊಡನೆ ಇಂಗ್ಲಿಷಿನಲ್ಲಿ ವಾದಿಸಿದೆವು; ಮನೆ ಓನರ್ ಅಜ್ಜಿ ಜಗಳವೆಂದು ತಿಳಿದು ಬಿಡಿಸಲು ಮೇಲೆ ಬಂದರು. ವಿಷಯ ಗೊತ್ತಾಗಿ, ಸಂದರ್ಶನದ ದಿನ ಬೆಳಿಗ್ಗೆ ಅವನಿಗೆ ಕೇಸರಿಬಾತ್ ಮಾಡಿಕೊಟ್ಟರು. ಅವನು ತೊಟ್ಟು ಹೋದ ಕೋಟು ತಿಪಟೂರಿನ ಅಣ್ಣನ ಮದುವೆಯದು, ಟೈ ನನ್ನದು.