ಎರಡು ಟಾಕಿ, ಒಂದು ಸಣ್ಣ ಪೈಪು

ಬೈಲಹೊಂಗಲದಾಗ ನೀರು ಬರೋ ದಿನ ಅಂದ್ರ ಹೆಂಗಿರತೈತಿ ಅಂತ ನಿಮಗ ನಾ ಹೇಳೋದು ಬ್ಯಾಡ. ಮಲಪ್ರಭಾ ಹೊಳಿ ನೀರು ನಳಕ್ಕ ಬಂತಂದ್ರ ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ಓಡತೇವಿ.

ಮನಿ ಎರಡು ಪಾಲಾದ ಮ್ಯಾಲ ನಮ್ಮ ಮಾಳಗಿ ಮ್ಯಾಲ ಎರಡು ಟಾಕಿ ಕುಂತವು. ಎರಡೂ 1000 ಲೀಟರಿನವು, ಒಂದ ಎತ್ತರದಾಗ ಅದಾವ. ಕೆಳಗಿನ ಮೋಟರು ಮಾತ್ರ ಇಬ್ಬರಿಗೂ ಕೂಡಿ. ನೀರು ಮೊದಲು ನಮ್ಮ ನೆಗೆಣ್ಣಿ ಅಕ್ಕಾರ ಟಾಕಿಗೆ ಬೀಳತೈತಿ, ಅಲ್ಲಿಂದ ತಳದಾಗಿನ ಅರ್ಧ ಇಂಚಿನ ಪೈಪಿನ್ಯಾಗ ನಮ್ಮ ಟಾಕಿಗೆ.

ಅಕ್ಕಾರ ಟಾಕಿ ತುಂಬಿ ಚೆಲ್ಲಾಕ ಹತ್ತಿದಾಗ ನಮ್ಮದ್ರಾಗ ಕಾಲು ಭಾಗ ಅಷ್ಟ ನೀರು. ಇವರ ವಾಲ್ ಮುಚ್ಚತಾರ ಅಂತ ನನಗ ಸಂಶಯ. ಅವರದು ಬ್ಯಾರೆ ಸಂಶಯ: "ರಾತ್ರಿ ತುಂಬಿದ ಟಾಕಿ ಮುಂಜಾನೆ ಅರ್ಧಕ್ಕ ಇಳೀತೈತಿ, ಯಾರೋ ಎಳಕೊಳ್ಳಾಕತ್ತಾರ" ಅಂತ ಬಾಜೂ ಮನಿಯಾಗ ಅಂದಿದ್ರಂತ. ಮಾತು ನಿಂತವು. ಪಂಚಮಿಗೆ ಉಂಡಿ ಸೈತ ಆ ಕಡೆ ಈ ಕಡೆ ಹೋಗಲಿಲ್ಲ.

ಡಿಪ್ಲೊಮಾ ಕಲಿಯೋ ನನ್ನ ಮಗಳು ಸೂಟಿಗೆ ಬಂದಾಕಿ, ಟೇಪು, ಗಡಿಯಾರ ತಗೊಂಡು ಮಾಳಗಿ ಹತ್ತಿದ್ಲು. ವಾಲ್ ತೆರದ ಇತ್ತು. "ಅವ್ವಾ, ಕಳ್ಳ ಪೈಪಿನ್ಯಾಗ ಅದಾನ" ಅಂದ್ಲು.

ಆಕಿ ಹೇಳಿದ್ದು ಹಿಂಗ. ಎರಡು ಟಾಕಿ ನೀರಿನ ಮಟ್ಟದಾಗ ಎಷ್ಟು ಫರಕ ಐತಿ, ನೀರು ದೂಡಾಕ ಅಷ್ಟ ಶಕ್ತಿ. ಫರಕ ನಾಕ ಪಟ್ಟು ಆದ್ರೂ ಹರಿಯೋದು ಎರಡ ಪಟ್ಟು ಆಗತೈತಿ. ಆ ಶಕ್ತಿಯನ್ನ ಪೈಪಿನ ಗೋಡಿ ತಿಕ್ಕಾಟ ತಿಂತೈತಿ, ಎಲ್ಬೋ ತಿಂತಾವ. ಒಂದು ಇಂಚಿನ ಒಂದು ಎಲ್ಬೋ ಅಂದ್ರ ಎರಡೂವರಿ ಫೂಟು ನೆಟ್ಟಗಿನ ಪೈಪಿನಷ್ಟು ತಡೀತೈತಿ. 1840ರಾಗ ಫ್ರಾನ್ಸಿನ ದಿಜಾನ್ ಊರಿಗೆ ನೀರು ತಂದ ಹೆನ್ರಿ ಡಾರ್ಸಿ ಅನ್ನೋ ಎಂಜಿನಿಯರ್ ಮುಂದ ಪೈಪಿನ ತಿಕ್ಕಾಟದ ಮ್ಯಾಲ ಪ್ರಯೋಗ ಮಾಡ್ಯಾನಂತ. ಇವತ್ತಿನ ಲೆಕ್ಕದ ಸೂತ್ರಕ್ಕೂ ಅವನ ಹೆಸರ ಐತಿ.

ನಮ್ಮ ಪೈಪು 40 ಫೂಟು, ಆರು ಎಲ್ಬೋ. ಮಟ್ಟದಾಗ ಒಂದು ಫೂಟು ಫರಕ ಇದ್ದಾಗ ನಿಮಿಷಕ್ಕ ಸುಮಾರು 4 ಲೀಟರ್ ದಾಟತಿತ್ತು. ಮೋಟರು ಸುರಿಯೋದು 30! ಚೆಲ್ಲದ ಏನ ಮಾಡೀತು? ಮೋಟರು ನಿಂತ ಮ್ಯಾಲ ರಾತ್ರಿಯೆಲ್ಲಾ ಸಣ್ಣಗ ಹರದು ಎರಡೂ ಸಮ ಆಗತಿದ್ದವು. ಅಕ್ಕಾರ ನೀರು "ಇಳದದ್ದು" ಹಿಂಗ. ಯಾರೂ ಮುಚ್ಚಿದ್ದಿಲ್ಲ, ಯಾರೂ ಎಳದಿದ್ದಿಲ್ಲ.

ಅಷ್ಟ ಉದ್ದದಾಗ ಒಂದು ಇಂಚಿನ ಪೈಪು, ಎರಡ ಎಲ್ಬೋ ಹಾಕಿದ್ರ 17 ಲೀಟರ್ ದಾಟತೈತಿ ಅಂತ ಆಕಿ ಲೆಕ್ಕ. ನಮಗ ಬೇಕಾದದ್ದು 30ರಾಗ ಅರ್ಧ, 15. ಆ ಚೀಟಿ ಹಿಡಕೊಂಡು ನಾನ ಅಕ್ಕಾರ ಬಾಗಲಿಗೆ ಹೋದ್ನಿ. ಕೈ ನಡಗತಿತ್ತು. "ಅಕ್ಕಾ, ನಾ ನಿಮ್ಮನ್ನ ತಪ್ಪ ತಿಳಕೊಂಡಿದ್ನಿ" ಅಂದ್ನಿ. ಅವರು ಚೀಟಿ ನೋಡಲಿಲ್ಲ, ನನ್ನ ಮಾರಿ ನೋಡಿದ್ರು. "ನಾನೂ ಅಷ್ಟ, ಬಾ, ಚಾ ಕುಡಿ" ಅಂದ್ರು.

ಪೈಪಿನ ರೊಕ್ಕ ಇಬ್ಬರೂ ಕೂಡಿ ಕೊಟ್ವಿ. ಮುಂದಿನ ನೀರಿನ ದಿನ ಇಬ್ಬರೂ ಮಾಳಗಿ ಮ್ಯಾಲ ನಿಂತು ಟಾಕಿ ಮುಚ್ಚಳ ತೆರದು ನೋಡಿದ್ವಿ. ಅವರದು ಮುಕ್ಕಾಲು ಫೂಟು ಮುಂದ, ನಮ್ಮದು ಹಿಂದಿಂದ. ಮೋಟರು ಬಂದ್ ಮಾಡಿ ಮಾತಾಡಕೋತ ನಿಂತ್ವಿ, ಅಷ್ಟರಾಗ ಎರಡೂ ಸಮ ಆದವು.