ಅರ್ಧ ದಿನವೋ, ಇಡೀ ದಿನವೋ?

ನಾಲ್ಕು ವರ್ಷದ ಮಗಳನ್ನು ಶಿಶುವಿಹಾರಕ್ಕೆ ಸೇರಿಸಬೇಕೆಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದೇವೆ. ತಕರಾರಿರುವುದು ಗಡಿಯಾರದ ಬಗ್ಗೆ. ಮಧ್ಯಾಹ್ನಕ್ಕೇ ಕರೆತರಬೇಕೆಂಬುದು ನನ್ನ ತಾಯಿಯವರ ತೀರ್ಪು. ಸಂಜೆಯವರೆಗೂ ಅಲ್ಲೇ ಇರಲೆಂಬುದು ನಮ್ಮಿಬ್ಬರ ಕಚೇರಿಗಳ ತೀರ್ಪು.

1840ರಲ್ಲಿ ಜರ್ಮನಿಯ ಫ್ರೋಬೆಲ್ ತಮ್ಮ ಶಾಲೆಗೆ ‘ಮಕ್ಕಳ ತೋಟ’ ಎಂದು ಹೆಸರಿಟ್ಟರು. ಆಟವೇ ಅಲ್ಲಿ ಪಾಠ. ಗಿಡಕ್ಕೆ ನೀರು ಬೇಕು, ನಿಜ. ದಿನವಿಡೀ ಹಾಯಿಸಿದರೆ ಬೇರು ಕೊಳೆತೀತು. ಆದರೆ ಮೂರನೆಯ ಮಹಡಿಯ ನಮ್ಮ ಮನೆಯಲ್ಲಿ ಉಳಿದರ್ಧ ದಿನ ಮಗುವಿಗೆ ಸಿಗುವುದೇನು? ಜಗುಲಿಯಿಲ್ಲ, ಓರಗೆಯ ಮಕ್ಕಳಿಲ್ಲ. ಮಂಡಿನೋವಿನ ಅಜ್ಜಿ ಮತ್ತು ಮೊಬೈಲು, ಅಷ್ಟೆ. 1975ರಲ್ಲಿ ಆರಂಭವಾದ ಅಂಗನವಾಡಿಯ ಹೆಸರಿನಲ್ಲಿಯೂ ಅಂಗಳವಿದೆ. ನಾವು ಕಳೆದುಕೊಂಡದ್ದು ಅದನ್ನೇ.

ಆದ್ದರಿಂದ ಕೇಳಬೇಕಾದದ್ದು ಎಷ್ಟು ಗಂಟೆ ಎಂದಲ್ಲ; ಊಟವಾದ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂದು. ಚಾಪೆ ಹಾಸಿ ಮಲಗಿಸಿ, ಎದ್ದ ಮೇಲೆ ಮಣ್ಣಿನಲ್ಲಿ ಆಡಗೊಟ್ಟರೆ ಇಡೀ ದಿನವೂ ಸರಿಯೇ. ತೂಕಡಿಸುವ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ಅ ಆ ಇ ಈ ತಿದ್ದಿಸುವುದಾದರೆ ಅರ್ಧ ದಿನವೂ ಹೆಚ್ಚೇ.

ಅದನ್ನು ಕಣ್ಣಾರೆ ನೋಡಿ ಬರಲು ನಾಳೆ ಮಧ್ಯಾಹ್ನ ನಾನೇ ಅರ್ಧ ದಿನದ ರಜೆ ಹಾಕಿದ್ದೇನೆ.