ಬೊಂಬೆಮನೆಯ ಕಿಟಕಿ

ಮೊಮ್ಮಗಳಿಗೆಂದು ತರಿಸಿದ ಮರದ ಬೊಂಬೆಮನೆ ಬಿಡಿಭಾಗಗಳಾಗಿ ಬಂದಿತು. ಒಂದು ಅಡಿಗೆ ಒಂದು ಅಂಗುಲದ ಅಳತೆ. ತೆಳು ಪ್ಲೈವುಡ್ಡಿನ ಗೋಡೆಗಳು. "ಅಂಟು ಹಚ್ಚುವ ಮೊದಲು ಒಮ್ಮೆ ಜೋಡಿಸಿ ನೋಡೋಣ" ಎಂದಳು ನನ್ನಾಕೆ. ಗಣಿತ ಕಲಿಸಿದವನೆಂಬ ಹಮ್ಮಿನಲ್ಲಿ ನಾನು ಕೇಳಲಿಲ್ಲ. ಗೋಡೆ ತಲೆಕೆಳಗಾಗಿ ನಿಂತಿತು. ಆಕೆ ಮಾತಾಡದೆ ಅದನ್ನು ಬಿಡಿಸಿ, ಹಸಿ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆಟ್ಟಗೆ ಕೂರಿಸಿ, ಅಂಟು ಬಿಗಿಯುವವರೆಗೂ ಹಿಡಿದಿದ್ದಳು.

ಬಳಿಕ ಆ ಗೋಡೆಯ ಪುಟ್ಟ ಕಿಟಕಿಯನ್ನು ತೆರೆದು, "ಈ ಅಡುಗೆಮನೆಗೆ ಬೆಳಕಿದೆ" ಎಂದಳು.

1986ರಲ್ಲಿ ನಮ್ಮ ಮನೆ ಕಟ್ಟಿಸುವಾಗ ಆಕೆ ಕೇಳಿದ್ದು ಅಂಥದೇ ಒಂದು ಕಿಟಕಿ. ಖರ್ಚೆಂದು ನಾನು ತಳ್ಳಿಹಾಕಿದ್ದೆ. ನಮ್ಮಲ್ಲಿ ಉಂಡ ಶಿಷ್ಯರಿಗೆ ಆ ಕತ್ತಲೆ ನೆನಪಿರಬಹುದು.

ಮರುದಿನ ಗಾರೆ ಕೆಲಸದವನನ್ನು ಕರೆಸಿದೆ. ಎಲ್ಲಿ ಒಡೆಯಬೇಕೆಂದು ಆಕೆಯೇ ಸೀಮೆಸುಣ್ಣದಿಂದ ಗುರುತು ಹಾಕಿದಳು.